ಹಣ್ಣಿಲ್ಲದ ಪರಿಮಳ

ನಾನು ಸಿಟ್ಟಿನ ಟೀಚರ್. ಮಕ್ಕಳು ಬೆನ್ನ ಹಿಂದೆ ಹಾಗನ್ನುವುದು ನನಗೆ ಗೊತ್ತು, ಬೇಸರವೇನಿಲ್ಲ. ನಾವುಂದ ಪೇಟೆಯಿಂದ ಸ್ವಲ್ಪ ಒಳಗಿರುವ ನಮ್ಮ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಆರೋಗ್ಯದ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದಾಗ ಉಳಿದವರೆಲ್ಲ ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಟ್ಟರು. ನಾನು ಮಾತ್ರ ಹಟಕ್ಕೆ ಬಿದ್ದೆ. ಉಗುರು ಕತ್ತರಿಸದವರಿಗೆ ಬೈಗುಳ, ಊಟಕ್ಕೆ ಮುಂಚೆ ಸಾಬೂನು, ಜಂತುಹುಳದ ಮಾತ್ರೆ ಕಣ್ಣೆದುರೇ ನುಂಗಬೇಕು. ದಿನಕ್ಕೆ ಮೂರು ಸಲ ನೀರಿನ ಬೆಲ್ ಹೊಡೆಸುತ್ತಿದ್ದೆ. ಬೆಲ್ ಆದ ಕೂಡಲೇ ಎಲ್ಲರೂ ಬಾಟಲಿ ಎತ್ತಿ ಕುಡಿಯಬೇಕು.

ನಾಲ್ಕನೇ ಕ್ಲಾಸಿನ ಒಬ್ಬಳು ಹುಡುಗಿ ಬೆಲ್ಲಿಗೂ ಕಾಯುತ್ತಿರಲಿಲ್ಲ. ಗೇರುಬೀಜದ ಫ್ಯಾಕ್ಟರಿಗೆ ಹೋಗುವ ತಾಯಿಯ ಒಬ್ಬಳೇ ಮಗಳು. ತನ್ನ ಬಾಟಲಿ ಮುಗಿಸಿ ಪಕ್ಕದವಳದ್ದನ್ನೂ ಕುಡಿದು, ನಲ್ಲಿಗೆ ಓಡುತ್ತಿದ್ದಳು.

"ಕಾಣಿ ಮಕ್ಳೇ, ನೀರ್ ಕುಡೂದಂದ್ರೆ ಹೀಂಗೆ" ಎಂದು ಅವಳನ್ನು ಎದುರಿಗೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ.

ದೀಪಾವಳಿ ಕಳೆದ ಮೇಲೆ ಹುಡುಗಿಯರ ಶೌಚಾಲಯಕ್ಕೆ ಇರುವೆ ಬರತೊಡಗಿದವು. ಅಲ್ಲಿ ತಿನ್ನುವಂಥದ್ದು ಏನೂ ಇರಲಿಲ್ಲ. ಬೆಳಿಗ್ಗೆ ಬೀಗ ತೆಗೆಯುವಾಗ ಒಂದೂ ಕಾಣುತ್ತಿರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಮೂಲೆಯ ಕೋಣೆಯ ನೆಲ ಕಪ್ಪಾಗಿರುತ್ತಿತ್ತು. ಪಕ್ಕದ ಕೋಣೆಯತ್ತ ಅವು ತಲೆ ಕೂಡ ಹಾಕುತ್ತಿರಲಿಲ್ಲ.

ಬಿಸಿಯೂಟದ ಅಡುಗೆ ಅಕ್ಕ ಬಾಗಿಲಲ್ಲೇ ನಿಂತಳು. "ಟೀಚರೇ, ಇದ್ ಸಮ ಇಲ್ಲೆ. ಇರ್ವಿ ಸುಮ್ನೆ ಬತ್ತಾ? ಎಂತದೋ ಕರಿತಾ ಇತ್ತ್."

"ನಿಂಗೆ ಎಲ್ಲದ್ರಲ್ಲೂ ಎಂತದೋ ಕಾಣತ್ತ್" ಎಂದು ಗದರಿಸಿ, ಅಂಗಡಿಯಿಂದ ಇರುವೆ ಪುಡಿ ತರಿಸಿದೆ. ದಿನಾ ಬೆಳಿಗ್ಗೆ ನಾನೇ ಗೋಡೆಯುದ್ದಕ್ಕೂ ಬಿಳಿ ಗೆರೆ ಎಳೆಯುತ್ತಿದ್ದೆ. ಇರುವೆಗಳು ಆ ಗೆರೆಯ ಮೇಲೆ ಸಾಯುತ್ತಿದ್ದವು, ಮತ್ತೆ ಬರುತ್ತಿದ್ದವು. ಹದಿನೈದು ದಿನದಲ್ಲಿ ಬರುವುದು ನಿಂತಿತು. ನನ್ನ ಶಾಲೆ ಸ್ವಚ್ಛವಾಯಿತೆಂದು ಹೆಮ್ಮೆಪಟ್ಟೆ, ಪೋಷಕರ ಮೀಟಿಂಗಿನಲ್ಲೂ ಅದನ್ನು ಹೇಳಿಕೊಂಡೆ.

ಆಮೇಲೆ ವಾಸನೆ ಶುರುವಾಯಿತು. ಡಿಸೆಂಬರಿನಲ್ಲಿ ಹಲಸಿನ ಹಣ್ಣು ಎಲ್ಲಿಂದ ಬರಬೇಕು? ಆದರೆ ಕ್ಲಾಸಿನೊಳಗೆ ಕಾಲಿಟ್ಟರೆ ಹಣ್ಣು ಕಳಿತು ಒಡೆದಂಥ ಪರಿಮಳ. ಬ್ಯಾಗುಗಳನ್ನೆಲ್ಲ ಸುರಿಸಿದೆ, ಕಪಾಟಿನ ಹಿಂದೆ ಕೋಲು ಹಾಕಿದೆ, ಏನೂ ಸಿಗಲಿಲ್ಲ. ಒಂದು ದಿನ ಅದು ಕಿಟಕಿಯ ಹತ್ತಿರ, ಮರುದಿನ ಬಾಗಿಲಲ್ಲಿ. ಜಾಗ ಬದಲಿಸುವ ವಾಸನೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹಣ್ಣಿನ ಪರಿಮಳ ಬಂದರೆ ಯಾರೋ ಬಂದು ನಿಂತಿದ್ದಾರೆಂದು ಅರ್ಥವಂತೆ, ಅಡುಗೆ ಅಕ್ಕ ಹೇಳಿದಳು. ಈ ಸಲ ನಾನು ಗದರಿಸಲಿಲ್ಲ. ಸಂಜೆ ಒಬ್ಬಳೇ ಕೂತು ನೋಟ್ಸ್ ತಿದ್ದುವುದನ್ನು ಬಿಟ್ಟೆ. ನಿಜ ಹೇಳುತ್ತೇನೆ, ಹೆದರಿದ್ದೆ.

ಒಂದು ಮಧ್ಯಾಹ್ನ ಆ ಹುಡುಗಿ ಲೆಕ್ಕದ ಪುಸ್ತಕ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಅವಳ ಲಂಗ ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಿತ್ತು. ಅದನ್ನು ನಾನು ನೋಡಿದ್ದು ಆವತ್ತೇ.

"ನೀರ್ ಕುಡ್ದ್ ಬತ್ತೆ ಟೀಚರ್" ಎಂದಳು.

ಅವಳ ಬಾಯಿಂದ ಹಲಸಿನ ಹಣ್ಣಿನ ವಾಸನೆ ನನ್ನ ಮುಖಕ್ಕೆ ಬಡಿಯಿತು. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟೆ. ಕೈ ಚಾಚಿ ಹಿಡಿಯಬೇಕಾದವಳು ದೂರ ಸರಿದೆ. ಅವಳು ಅಲ್ಲೇ ನೆಲಕ್ಕೆ ಕುಸಿದಳು.

ಹೆಡ್‌ಮಾಸ್ಟರರ ಕಾರಿನಲ್ಲಿ ಕುಂದಾಪುರಕ್ಕೆ ಹೊರಟೆವು. ಅವಳ ತಲೆ ನನ್ನ ಮಡಿಲಲ್ಲಿ. ಕರೆದರೆ ಕಣ್ಣು ಬಿಡದ ಮಗು ಓಡಿ ಬಂದವರ ಹಾಗೆ ಏದುಸಿರು ಬಿಡುತ್ತಿತ್ತು. ಒಂದೊಂದು ಉಸಿರಿಗೂ ಕಾರಿನ ತುಂಬ ಹಲಸು. ಮರವಂತೆಯಲ್ಲಿ ಹೆಡ್‌ಮಾಸ್ಟರರು ನಾಲ್ಕೂ ಕಿಟಕಿ ಇಳಿಸಿದರು. ಕಡಲ ಗಾಳಿ ಭರ್ರೆಂದು ನುಗ್ಗಿತು, ವಾಸನೆ ಮಾತ್ರ ಹೋಗಲಿಲ್ಲ.

ಡಾಕ್ಟರು ಬೆರಳು ಚುಚ್ಚಿ ನೋಡಿದರು. ರಕ್ತದ ಸಕ್ಕರೆ ಯಂತ್ರ ತೋರಿಸುವ ಅಂಕಿಯನ್ನೇ ಮೀರಿತ್ತು. ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ, ಮಿತಿಮೀರಿದರೆ ಉಸಿರಿಗೆ ಹಣ್ಣಿನ ವಾಸನೆ ಬರುತ್ತದೆ ಎಂದರು. "ವಿಪರೀತ ನೀರು ಕುಡಿಯುತ್ತಿದ್ದಳಾ? ಮೂತ್ರ ಮಾಡಿದಲ್ಲಿ ಇರುವೆ ಬರುತ್ತಿತ್ತಾ? ಯಾರೂ ನೋಡಲಿಲ್ಲವಾ?"

ನೋಡಿದ್ದವಳು ನಾನೇ.

ಎರಡು ದಿನ ಅವಳು ಉಳಿಯುತ್ತಾಳೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ಮೂರನೇ ದಿನ ಕಣ್ಣು ಬಿಟ್ಟಳು. ತಾಯಿ ವರಾಂಡದಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡಳು. ಗೇರುಬೀಜದ ಸೊನೆಗೆ ಕರಕಲಾದ ಬೆರಳುಗಳು. "ನೀವ್ ಇದ್ದದ್ದಕ್ಕೆ ನನ್ ಹೆಣ್ಣ್ ಬದ್ಕಿತ್, ಟೀಚರೇ."

ಆ ಮಾತನ್ನು ತಾಳಿಕೊಳ್ಳಲು ನನ್ನಿಂದಾಗಲಿಲ್ಲ. ಚಪ್ಪಾಳೆ ಹೊಡೆಸಿದ್ದು, ಇರುವೆ, ಪುಡಿ, ಕುರ್ಚಿಯಿಂದ ಎದ್ದು ಸರಿದದ್ದು, ಎಲ್ಲ ಹೇಳಿದೆ. ಬೈಯಲಿ, ಎರಡು ಬಾರಿಸಲಿ ಎಂದು ಕಾದೆ.

ಅವಳು ನನ್ನ ಕೈ ಬಿಟ್ಟಳು.

"ಮನಿಯಂಗೂ ಇರ್ವಿ ಬತ್ತಿತ್ತ್, ಟೀಚರೇ" ಎಂದಳು. "ನೀವ್ ಮೀಟಿಂಗಂಗೆ ಹೇಳಿದ್ರಿ ಅಲ್ದಾ, ಪುಡಿ ಹಾಕಿ ಅಂದೇಳಿ. ನಾನೂ ದಿನಾ ಹಾಕ್ದೆ."