ಬೆಳಗ್ಗಿನ ಗುಬ್ಬಿ

"ಅಕ್ಕಾ, ನಮ್ಮ ಆಟದ ಗುಂಪಿನ ನೆನಪಿನ ಪುಸ್ತಕಕ್ಕೆ ನಿಮ್ಮ ತಮ್ಮನ ಬಗ್ಗೆ ಒಂದು ಪುಟ ಬರ್ಕೊಡಿ" ಅಂತ ಕೇಳಿದ್ದೀರಿ. ಬರೀತೀನಿ. ಆಮೇಲೆ ಯಾಕಾದ್ರೂ ಕೇಳಿದೆವಪ್ಪಾ ಅನ್ಬೇಡಿ.

ನನ್ನ ತಮ್ಮ ಲಿಫ್ಟ್ ರಿಪೇರಿ ಮಾಡ್ತಾನೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಹದಿನಾರನೇ ವಯಸ್ಸಲ್ಲಿ ನಿಮ್ಮ ಆ ಆನ್‌ಲೈನ್ ಆಟದ ಹುಚ್ಚು ಹಿಡೀತು. ಅಲ್ಲಿ ಅವನ ಹೆಸರು ಗುಬ್ಬಿ. ಸಂಜೆ ಆದ್ರೆ ಸಾಕು, ರಾಕ್ಷಸರನ್ನ ಕೊಲ್ಲೋದು, ಕೋಟೆ ಹಿಡಿಯೋದು, ಕಂಡಕಂಡವರ ಜೊತೆ ಜಗಳ. ಆಟ ಮುಚ್ಚಿ ಹನ್ನೆರಡು ವರ್ಷ ಆಯ್ತು, ಇವನ ಜಂಬ ಇನ್ನೂ ಇಳಿದಿಲ್ಲ.

ಈಗ ನಿಮಗೆ ಗೊತ್ತಿಲ್ಲದ್ದು. ನಮ್ಮನೇಲಿ ಇದ್ದದ್ದು ಒಂದೇ ಕಂಪ್ಯೂಟರ್, ಅಮ್ಮನ ಹೊಲಿಗೆ ಮಿಷನ್ ಪಕ್ಕ. ಆಟದ ಖಾತೆನೂ ಒಂದೇ, ಇಬ್ಬರೂ ಗುಬ್ಬಿನೇ. ಸಂಜೆ ಅವನದು. ಬೆಳಗ್ಗೆ ಆರರಿಂದ ಏಳೂವರೆ ನನ್ನದು. ಆಮೇಲೆ ಶರ್ಟಿನ ಕಾಲರ್ ಕತ್ತರಿಸೋಕೆ ಕಾರ್ಖಾನೆಗೆ ಓಡ್ತಿದ್ದೆ. ಒಂದೇ ಖಾತೇಲಿ ಇಬ್ಬರು ಆಡೋದು ಗೊತ್ತಾದ್ರೆ ಆಟದಿಂದ ಆಚೆ ಹಾಕ್ತಾರೆ ಅಂತ ತಮ್ಮ ಹೆದರಿಸಿದ್ದ, ಅದಕ್ಕೇ ಬಾಯಿ ಬಿಡ್ಲಿಲ್ಲ.

ನನಗೆ ಹೊಡೆದಾಟ ಆಗಿಬರಲ್ಲ. ಆಟದಲ್ಲಿ ಒಂದು ಹೊಳೆ ಇತ್ತಲ್ಲ? ಹೊಸಬರು ಈಜೋಕೆ ಹೋಗಿ ಮುಳುಗೋರು, ಗಳಿಸಿದ್ದೆಲ್ಲ ನೀರುಪಾಲು. ನಾನು ಒಂದು ದೋಣಿ ಮಾಡ್ಕೊಂಡು ಅವರನ್ನ ದಾಟಿಸ್ತಾ ಕೂತಿರ್ತಿದ್ದೆ. ನಾಲ್ಕು ವರ್ಷ! ಯಾರೋ ಪರೀಕ್ಷೇಲಿ ಫೇಲು, ಯಾರಿಗೋ ಮಗು ಆಯ್ತು, ಎಲ್ಲ ಸುದ್ದಿ ಆ ದೋಣೀಲೇ ಕೇಳಿದ್ದು. ಕಾರ್ಖಾನೇಲಿ ಇಡೀ ದಿನ ನನ್ನ ಹತ್ರ ಯಾರೂ ಎರಡು ಮಾತಾಡ್ತಿರ್ಲಿಲ್ಲ. ಆ ಒಂದೂವರೆ ಗಂಟೆ ಮಾತ್ರ ನಾನು ಯಾರಿಗೋ ಬೇಕಾದವಳು.

ಹೋದ ತಿಂಗಳು ನೀವೆಲ್ಲ ಸೇರಿದಾಗ ತಮ್ಮ ನನ್ನನ್ನೂ ಕರ್ಕೊಂಡು ಬಂದ. ದೋಣಿ ವಿಷಯ ಇವತ್ತಾದ್ರೂ ಹೇಳ್ತಾನೆ ಅಂತ ಆಸೆಯಿಂದ ಮಡಚೋ ಕುರ್ಚೀಲಿ ಕೂತಿದ್ದೆ. ಕೋಟೆ ಗೆದ್ದದ್ದು ನಿಮಗ್ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ದೋಣಿ, ದೋಣಿ! ಒಬ್ಬೊಬ್ಬರೇ ಬಂದು ಅವನ ಕೈ ಹಿಡ್ಕೊಂಡ್ರಿ. ಇವನು "ಅಯ್ಯೋ, ಅದೇನ್ ಮಹಾ ಬಿಡಿ" ಅಂದ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರ್ಕೊಳ್ಳೋದು ಅಂದ್ರೆ ಇದೇ ನೋಡಿ.

ಅಷ್ಟರಲ್ಲಿ ನಿಮ್ಮ ಗುಂಪಿನ ನರ್ಸಮ್ಮ ಕೇಳಿದ್ರು, "ದಡ ಮುಟ್ಟಿಸಿ ಒಂದು ಮಾತು ಹೇಳ್ತಿದ್ದೆಯಲ್ಲಪ್ಪ, ಏನದು?"

ತಮ್ಮ ಕಣ್ ಕಣ್ ಬಿಟ್ಟ. ತಡ್ಕೊಳ್ಳೋಕಾಗದೆ ನಾನೇ ಅಂದೆ, "ಹೋಗಿ ಬಾ, ದೋಣಿ ಇಲ್ಲೇ ಇರುತ್ತೆ."

ಎಲ್ಲರೂ ನನ್ನ ಕಡೆ ತಿರುಗಿದ್ರಿ.

"ನಮ್ಮಕ್ಕ ನನ್ನ ಹಿಂದೆ ನಿಂತು ನೋಡೋಳು, ಅದಕ್ಕೇ ನೆನಪಿದೆ!" ಅಂದುಬಿಟ್ಟ ಪಾಪಿ. ನೀವೆಲ್ಲ ನಕ್ಕು, ಫೋನ್ ನನ್ನ ಕೈಗೆ ಕೊಟ್ಟು, ಅವನ ಸುತ್ತ ನಿಂತ್ರಿ. ಆ ಫೋಟೋ ಮಬ್ಬಾಗಿ ಬಂದಿದ್ಯಲ್ಲ, ಸಿಟ್ಟಲ್ಲಿ ನೋಡದೇ ಒತ್ತಿದ್ದು ನಾನೇ.

ಬಸ್ ಸ್ಟಾಪಲ್ಲಿ ಅವನನ್ನ ಹಿಡ್ಕೊಂಡೆ. "ಲೋ, ನಾಚಿಕೆ ಆಗಲ್ವೇನೋ ನಿಂಗೆ?"

ತಲೆ ಬಗ್ಗಿಸ್ಕೊಂಡು ಅಂದ, "ಸಂಜೆ ನಾನು ಆಟಕ್ಕೆ ಕೂತ್ರೆ ಸಾಕು, 'ಬೆಳಗ್ಗೆ ಎಷ್ಟ್ ಒಳ್ಳೆಯವನಾಗಿರ್ತೀಯ, ಸಂಜೆ ಏನಾಗುತ್ತೆ ನಿಂಗೆ' ಅಂತ ಕೇಳೋರು ಕಣೇ. ನಾಲ್ಕು ವರ್ಷ ಕೇಳಿಸ್ಕೊಂಡೆ. ಒಂದಿನ ಆದ್ರೂ ನಾನೇ ಆ ಬೆಳಗ್ಗಿನವನಾಗಿರ್ಬೇಕು ಅನ್ನಿಸ್ತು."

ನನ್ನ ಮೇಲೆ ಇವನಿಗೆ ಹೊಟ್ಟೆಕಿಚ್ಚು! ಅಯ್ಯೋ ಪಾಪ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೂ ಕೊಡಲ್ಲ. ಕೋಟೆ ಹಿಡಿದವನು ನನ್ನ ತಮ್ಮ, ಬೇಕಾದ್ರೆ ದಪ್ಪ ಅಕ್ಷರದಲ್ಲಿ ಹಾಕಿ. ದೋಣಿ ನಂದು.

ನಂಬಿಕೆ ಇಲ್ವಾ? ನರ್ಸಮ್ಮಾ, ನಿಮ್ಮ ತಾಯಿ ತೀರ್ಕೊಂಡ ವಾರ, ಒಂದಿನ ರಾತ್ರಿ ಪಾಳಿ ಮುಗಿಸಿ ಬಂದು ಹೊಳೆ ಮಧ್ಯ ದೋಣಿ ನಿಲ್ಲಿಸು ಅಂದ್ರಲ್ಲ? ಏಳೂವರೆ ದಾಟಿದ್ರೂ ಏಳದೆ ನಿಮ್ಮ ಜೊತೆ ಕೂತು, ಅವತ್ತು ಕಾರ್ಖಾನೇಲಿ ಬೈಸ್ಕೊಂಡವಳು ನಾನು.