ಬ್ರೆಡ್ಡಿಗೆ ಒಗ್ಗರಣೆ, ಬಾಯಿಗೆ ಬೀಗ

ಇವತ್ತು ಸಂಜೆ ಕೆಲಸದಿಂದ ಬರುತ್ತ ನಾನೀಗಿರುವ ಲಿಸ್ಲ್ ಊರಿನ ಅಂಗಡಿಯಲ್ಲಿ ರೈ ಬ್ರೆಡ್ ಕೊಂಡೆ. ಚೀಲ ಬಿಚ್ಚಿದ್ದೇ ತಡ, ಅಡುಗೆಮನೆಯೆಲ್ಲ ಶಾಹಿಜೀರಿಗೆಯ ವಾಸನೆ. ಬ್ರೆಡ್ಡಿಗೂ ಒಗ್ಗರಣೆ ಹಾಕುವ ಜನ ಜಗತ್ತಿನಲ್ಲಿದ್ದಾರೆಂದು ನನಗೆ ತೋರಿಸಿಕೊಟ್ಟವರು ಡೆಟ್ರಾಯಿಟ್ ಪಕ್ಕದ ಓಕ್ ಪಾರ್ಕಿನಲ್ಲಿ ನಮ್ಮ ನೆರೆಯವರಾಗಿದ್ದ ಮಿಸ್ಟರ್ ಹಿರ್ಷ್. ನನ್ನ ಜೀವನಕ್ಕೆ ದೈವಸಂಕಲ್ಪವೊಂದಿರಬಹುದೆಂಬ ಗುಮಾನಿ ಹುಟ್ಟಿದ್ದೂ ಅವರ ಅಡುಗೆಮನೆಯಲ್ಲೇ. ನಗಬೇಡಿ, ನಾನೇ ಸಾಕಷ್ಟು ನಕ್ಕಿದ್ದೇನೆ. ಉಳಿದವರಿಗೆ ಇಂಥದ್ದೆಲ್ಲ ಹಿಮಾಲಯದಲ್ಲೋ ಮರದ ಬುಡದಲ್ಲೋ ಹೊಳೆಯುತ್ತದೆ. ನನಗೆ ಹೊಳೆದದ್ದು ಉಪ್ಪುಮೀನಿನ ವಾಸನೆಗೆ ಮೂಗು ಹಿಡಿದು ಕೂತಿದ್ದಾಗ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಡಿಗ್ರಿಯೂ ಮುಗಿದಿತ್ತು. ಅರ್ಜಿ ಹಾಕಿದ ಮೆಡಿಕಲ್ ಕಾಲೇಜುಗಳೆಲ್ಲ ಬಹಳ ವಿನಯದಿಂದ ನನ್ನನ್ನು ಬೇಡ ಅಂದಿದ್ದವು. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಮಿಮಿಕ್ರಿ. ಕನ್ನಡ ಸಂಘದ ದೀಪಾವಳಿಯಲ್ಲಿ ನಾನು ಅಂಕಲ್‌ಗಳ ಧ್ವನಿ ತೆಗೆದರೆ ಅವರು ಹೊಟ್ಟೆ ಹಿಡಿದು ನಗುತ್ತಿದ್ದರು. ಮನೆಗೆ ಡ್ರೈವ್ ಮಾಡುವಾಗ “ರೀ, ಅದು ನಿಮ್ದೇ ಧ್ವನಿ” ಎಂದು ಆಂಟಿ ಹೇಳಿದ ಮೇಲಷ್ಟೇ ಮುನಿಸಿಕೊಳ್ಳುತ್ತಿದ್ದರು. ಅಪ್ಪ ಕಾರು ಕಂಪನಿಯಲ್ಲಿ ಬ್ರೇಕ್ ವಿಭಾಗದ ಇಂಜಿನಿಯರು. ಮನೆಗೆ ಬಂದರೂ ಅದೇ ಕೆಲಸ.

“ಮೆಡಿಕಲ್‌ಗೆ ಇನ್ನೊಂದ್ಸಲ ಅಪ್ಲೈ ಮಾಡಿದೀಯೇನೋ?”

“ಮಾಡ್ತೀನಪ್ಪ.”

ಇಷ್ಟು ಹೇಳಿ ಬಚ್ಚಲುಮನೆಗೆ ಹೋಗಿ, ಕನ್ನಡಿಯ ಮುಂದೆ ಅಪ್ಪನನ್ನೇ ಅಣಕಿಸಿ, ಸೇಡು ತೀರಿತೆಂದುಕೊಂಡು ಹೊರಗೆ ಬರುವುದು. ಇದು ನನ್ನ ಶೌರ್ಯದ ವ್ಯಾಪ್ತಿ.

ಹಾಸಿಗೆ ಅಂಗಡಿ ನಡೆಸಿ ನಿವೃತ್ತರಾಗಿದ್ದ ಹಿರ್ಷ್‌ಗೆ ಒಂದು ಅಭ್ಯಾಸ. ಪ್ರತಿ ವಾರ ತೋರಾದ, ಅಂದರೆ ಯಹೂದಿಗಳಾದ ಅವರ ಧರ್ಮಗ್ರಂಥದ, ಒಂದೊಂದು ಭಾಗವನ್ನು ಓದಬೇಕು; ಒಬ್ಬರೇ ಅಲ್ಲ, ಜೊತೆಗಾರನೊಬ್ಬನನ್ನು ಎದುರಿಗೆ ಕೂರಿಸಿಕೊಂಡು. ಅವರ ಜೊತೆಗಾರ ಚಳಿ ತಾಳದೆ ಫ್ಲಾರಿಡಾಕ್ಕೆ ಹೊರಟುಹೋಗಿದ್ದ. ಒಂದು ದಿನ ಬೇಲಿಯಾಚೆಯಿಂದ ಕೇಳಿದರು. (ಅವರ ಇಂಗ್ಲಿಷನ್ನು ನನ್ನ ಮೈಸೂರು ಕನ್ನಡದಲ್ಲೇ ಹೇಳುತ್ತೇನೆ, ರಾಗವಂತೂ ಥೇಟ್ ನಮ್ಮ ದೊಡ್ಡಮಾವನದು.) “ಏನಯ್ಯಾ, ಕೆಲಸ ಇಲ್ವಂತೆ. ಓದೋಕೆ ಬರತ್ತೋ?”

ಹಿರ್ಷ್ ಎನ್ನಲು ನಾಲಿಗೆ ಹೊರಳದ ಅಮ್ಮನಿಗೆ ಗಾಬರಿ. “ಹರ್ಷ ತಾತನ ಮನೇಲಿ ಏನೇನು ತಿನ್ನಿಸ್ತಾರೋ!” ಹಾಲಿನ ತಟ್ಟೆಗೂ ಮಾಂಸದ ತಟ್ಟೆಗೂ ಅಲ್ಲಿ ಬೇರೆಬೇರೆ ಕಪಾಟು ಎಂದು ತಿಳಿದ ಕೂಡಲೇ ಅಮ್ಮ ಪೂರ್ತಿ ಕರಗಿದರು. “ಅಯ್ಯೋ, ನಮ್ಮಜ್ಜಿಗಿಂತ ಹೆಚ್ಚು ಮಡಿ! ಹೋಗೋ ಹೋಗು.”

ಹೋದೆ. ಹಿರಿಯರ ಮುಂದೆ ಹೇಗಿರಬೇಕೋ ಹಾಗೇ ಇದ್ದೆ. ಅವರು ಏನು ಹೇಳಿದರೂ “ಹೌದು ಅಂಕಲ್,” “ಕರೆಕ್ಟ್ ಅಂಕಲ್.” ಪಾಪಿಗಳ ಊರನ್ನು ಸುಡಲು ಹೊರಟ ದೇವರ ಜೊತೆ ಅಬ್ರಹಾಮ ಚೌಕಾಸಿಗಿಳಿಯುವ ಭಾಗ ಬಂತು. ಐವತ್ತು ಜನ ಒಳ್ಳೆಯವರಿದ್ದರೆ ಬಿಡ್ತೀಯಾ? ನಲವತ್ತೈದು? ಅಷ್ಟು ಕೇಳಿ ನಿಲ್ಲದೆ, ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುವವರ ಹಾಗೆ ಜಗ್ಗಿ ಜಗ್ಗಿ ಹತ್ತಕ್ಕೆ ಇಳಿಸುತ್ತಾನೆ. “ಅಬ್ರಹಾಮ ಮಾಡಿದ್ದು ಸರೀನೋ ತಪ್ಪೋ?” ಎಂದರು ಹಿರ್ಷ್.

“ನೀವು ಹೇಳಿದ ಹಾಗೇ ಅಂಕಲ್.”

ಅವರು ಪುಸ್ತಕ ಮುಚ್ಚಿಬಿಟ್ಟರು. “ಹೌದು ಅನ್ನೋಕೆ ನನ್ನ ಮನೇಲಿ ಕನ್ನಡಿ ಇದೆ. ದೇವರ ಹತ್ರಾನೇ ಜಗಳ ಆಡಿದವನ ಕಥೆ ಓದ್ತಾ ಕೂತು, ಒಬ್ಬ ಹಾಸಿಗೆ ವ್ಯಾಪಾರಿ ಹತ್ರ ಜಗಳ ಆಡೋಕೆ ಹೆದರ್ತೀಯಲ್ಲೋ! ಜೊತೆಗಾರ ಅಂದ್ರೆ ಎದುರು ಮಾತಾಡೋನು. ಹೋಗು. ಜಗಳ ಸಿಕ್ಕಿದ್ಮೇಲೆ ಬಾ.”

ವಿನಯ ಹೆಚ್ಚಾಯಿತೆಂದು ಮನೆಯಿಂದ ಹೊರಹಾಕಿಸಿಕೊಂಡ ಮೈಸೂರಿಗ ನಾನೊಬ್ಬನೇ ಇರಬೇಕು.

ಮುಂದಿನ ವಾರ ಜಗಳ ಹೊತ್ತುಕೊಂಡೇ ಹೋದೆ. ನನ್ನ ಬೊಕ್ಕಸದಲ್ಲಿದ್ದುದು ಅಣಕ ತಾನೇ? ಹಾಗಾಗಿ ದೇವರ ಮಾತನ್ನೆಲ್ಲ ಅಪ್ಪನ ಧ್ವನಿಯಲ್ಲಿ ಓದತೊಡಗಿದೆ. ಒಂದಿಷ್ಟೂ ಬದಲಾಯಿಸಬೇಕಾಗಲಿಲ್ಲ: “ನಿಮಗೋಸ್ಕರ ಎಷ್ಟೆಲ್ಲ ಮಾಡಿದೆ, ಒಂದು ಮಾತಾದ್ರೂ ಕೇಳ್ತೀರಾ?” ಹಿರ್ಷ್ ಚಹಾ ಚೆಲ್ಲಿಕೊಂಡು ನಕ್ಕರು.

ಜನವರಿಯಲ್ಲಿ ನಮ್ಮ ಓದಿಗೆ ಮೋಶೆ ಬಂದ. ಉರಿಯುವ ಪೊದೆಯಿಂದ ದೇವರು ಕರೆದು, ಹೋಗು, ಗುಲಾಮರಾಗಿರುವ ನಿನ್ನ ಜನರನ್ನು ಬಿಡಿಸಿಕೊಂಡು ಬಾ ಎಂದರೆ, ಈತ ನನ್ನ ನಾಲಿಗೆ ಮಂದ, ಬೇರೆ ಯಾರನ್ನಾದರೂ ಕಳಿಸು ಎನ್ನುತ್ತಾನೆ. ಮಿಮಿಕ್ರಿಯವನಿಗೆ ಇದಕ್ಕಿಂತ ಸುಗ್ಗಿ ಉಂಟೆ? ಮೋಶೆಯ ಮಾತನ್ನು ಭರ್ಜರಿಯಾಗಿ ತೊದಲುತ್ತ ಓದಿದೆ. ಹಿರ್ಷ್ ನಗಲಿಲ್ಲ.

“ತಪ್ಪು ಮಾಡ್ತಿದೀಯ.”

ಬೈಗುಳಕ್ಕೆ ಸಿದ್ಧನಾದೆ. ಬಂದದ್ದು ಅದಲ್ಲ. “ಮಾತಿನ ನಡುವೆ ಎಲ್ಲಂದರಲ್ಲಿ ಹಾಗೆ ಕುಣಿಯಲ್ಲ ತೊದಲು. ನನಗಾಗ್ತಿದ್ದದ್ದು ಹೇಳ್ತೀನಿ. ಮೊದಲನೇ ಅಕ್ಷರಕ್ಕೇ ಬಾಗಿಲು ಹಾಕ್ಕೊಳ್ತಿತ್ತು. ಅದೂ ಎಲ್ಲರೂ ಕಾಯ್ತಿರುವಾಗ.” ಹದಿಮೂರನೇ ವಯಸ್ಸಿಗೆ ಅವರಲ್ಲಿ ಹುಡುಗ ಎಲ್ಲರೆದುರು ತೋರಾ ಓದಬೇಕು. ಹಿರ್ಷ್ ಮೊದಲ ಅಕ್ಷರದಲ್ಲೇ ನಿಂತುಬಿಟ್ಟಿದ್ದರಂತೆ. “ನಮ್ಮಪ್ಪ ಪಕ್ಕದಲ್ಲೇ ಇದ್ದ. ಬಾಯಿ ಬಿಡಲಿಲ್ಲ. ಕಾದ, ಅಷ್ಟೇ. ಅವತ್ತು ಅವನು ಮುಗಿಸಿಕೊಟ್ಟಿದ್ರೆ ನಾನು ಇವತ್ತಿಗೂ ಅಲ್ಲೇ ನಿಂತಿರ್ತಿದ್ದೆ.”

ನಾನು ಜಗಳ ತೆಗೆದೆ. “ಸಮುದ್ರ ಸೀಳೋ ದೇವರಿಗೆ ಒಂದು ನಾಲಿಗೆ ರಿಪೇರಿ ಮಾಡೋಕಾಗ್ಲಿಲ್ವಾ?”

“ಆಗ್ತಿತ್ತು. ಮಾಡಲಿಲ್ಲ. ಯಾಕೆ?”

“ಕಾಯೋಕೆ ಅಭ್ಯಂತರ ಇರ್ಲಿಲ್ಲ ಅನ್ಸತ್ತೆ.”

ಹಿರ್ಷ್ ಮೇಜು ಗುದ್ದಿದರು. “ತಪ್ಪು! ದೇವರಿಗೆ ಸಿಟ್ಟೇ ಬಂತು ಅಂತ ಇಲ್ಲೇ ಕೆಳಗೆ ಬರೆದಿದೆ, ಓದು! ಆದ್ರೆ ಒಳ್ಳೇ ತಪ್ಪು ಕಣಯ್ಯಾ.” ಆಮೇಲೆ ಮೆಲ್ಲಗೆ, “ಎಲ್ಲರೂ ಹೇಗೆ ಮಾತಾಡ್ತಾರೆ ಅಂತ ಇಷ್ಟು ಚೆನ್ನಾಗಿ ಕೇಳಿಸ್ಕೊಳ್ಳೋ ಕಿವಿ ನಿನಗೆ ಸುಮ್ನೆ ಬಂದಿದ್ಯಾ? ಸಂಘದ ಅಂಕಲ್‌ಗಳ ಮನರಂಜನೆಗಾ?”

ಪೊದೆ ಗಿದೆ ಏನೂ ಉರಿಯಲಿಲ್ಲ. ಉಪ್ಪುಮೀನಿನ ತಟ್ಟೆಯ ಪಕ್ಕ ಟೋಸ್ಟರಿನಲ್ಲಿ ಬ್ರೆಡ್ ಮಾತ್ರ ಸೀದಿತ್ತು.

ಆ ಭಾನುವಾರ ಅಪ್ಪ ಡ್ರೈವ್‌ವೇಯಲ್ಲಿ ಹಿಮ ಎತ್ತುತ್ತಿದ್ದರು. ಎಂದಿನ ಪ್ರಶ್ನೆ ಬಂತು: “ಅಪ್ಲೈ ಮಾಡಿದೀಯೇನೋ?” ಇಲ್ಲ ಎನ್ನಬೇಕು. ಎರಡಕ್ಷರ. ಊರಿನವರ ಧ್ವನಿಯೆಲ್ಲ ಕಂಠಪಾಠವಿದ್ದವನಿಗೆ ಸ್ವಂತದ ‘ಇ’ ಹೊರಡದು. ಅಪ್ಪ ಸಲಿಕೆ ಊರಿ ನಿಂತರು. ಬ್ರೇಕ್ ಇಂಜಿನಿಯರು ನಿಂತೇ ಇದ್ದರು.

“ಇಲ್ಲಪ್ಪ. ಮಾಡಲ್ಲ. ಡಾಕ್ಟರ್ ಆಗಲ್ಲ.”

“ಮತ್ತೇನಾಗ್ತೀಯ? ಕೋಡಂಗಿನಾ?”

“ಮಾತು ಸಿಕ್ಕಿಹಾಕ್ಕೊಳ್ಳೋ ಮಕ್ಕಳಿಗೆ ಸ್ಪೀಚ್ ಥೆರಪಿ ಮಾಡೋದು. ಅದಕ್ಕೆ ಅಪ್ಲೈ ಮಾಡ್ತೀನಿ.”

ಅಪ್ಪ ಹಿಮದ ಕಡೆ ನೋಡಿದರು. “ಅದಕ್ಕೆ ಮೊದಲು ನೀನು ಬಾಯಿ ಮುಚ್ಚೋದು ಕಲೀಬೇಕಲ್ಲೋ,” ಎಂದು ಸಲಿಕೆ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಆಶೀರ್ವಾದ ಅಂದುಕೊಂಡೆ. ಅಲ್ಲದಿದ್ದರೂ ಹಿಮ ಎತ್ತಬೇಕಿತ್ತು.

ಅಪ್ಪ ಹೇಳಿದ್ದು ಶಾಪವೂ ಹೌದು, ಸಿಲಬಸ್ಸೂ ಹೌದು. ನಮ್ಮ ಕಸುಬಿನಲ್ಲಿ ಅತ್ಯಂತ ಕಷ್ಟದ್ದು ಅದೇ. ಇವತ್ತು ಶಾಲೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ತನ್ನ ಹೆಸರು ಹೇಳಲು ಹೊರಟು ಮೊದಲ ಅಕ್ಷರದಲ್ಲೇ ನಿಂತಳು. ನನ್ನ ತುಟಿಯ ತುದಿಯಲ್ಲಿ ಅವಳ ಹೆಸರು ನವೆಯಂತೆ ಕಡಿಯುತ್ತಿತ್ತು. ಕಾದೆ. ಗೋಡೆಯ ಮೇಲಿನ ಆನೆಯ ಚಿತ್ರ ನೋಡಿದೆ. ಕೊನೆಗೆ ಹೆಸರು ಬಂತು, ಪೂರ್ತಿ, ಅವಳದೇ ಬಾಯಲ್ಲಿ. ಅವಳು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ದೂರು ಹೇಳಿದಳು: ನೀವು ಒಂಚೂರೂ ಹೆಲ್ಪ್ ಮಾಡಲಿಲ್ಲ.

ಪ್ರವಾದಿಗಳಿಗೆ ಆಕಾಶವಾಣಿ ಸಿಗುತ್ತದೆ. ನನಗೆ ಸಿಕ್ಕಿದ್ದು ಇದು. ಅದಕ್ಕೇ ದಾರಿಯಲ್ಲಿ ಬ್ರೆಡ್ ಕೊಂಡದ್ದು. ಈಗ ಎರಡು ಚೂರು ಟೋಸ್ಟರಿಗೆ ಹಾಕಿ ನಿಂತಿದ್ದೇನೆ, ಸೀಯದಂತೆ ಕಾಯುತ್ತ. ಎದುರಿಗೆ ಹಿರ್ಷ್ ಇಲ್ಲ, ಯಾರೂ ಇಲ್ಲ. “ದೇವರಿಗೆ ಸಿಟ್ಟು ಬಂದಿರಬಹುದು ಅಂಕಲ್,” ಎಂದೆ, ನನ್ನ ಧ್ವನಿಯಲ್ಲೇ, “ಆದ್ರೂ ಕಾದ ತಾನೇ?”