ಕೋಲು ಬಾರದೆ ಗಾಡಿ ಬಿಡದವಳು

ರಾಜ್ಯ ಹೆದ್ದಾರಿ ಬೆಟ್ಟ ಹತ್ತುವ ಕಡೆ, ಒಂದು ಮಳೆಗಾಲದಲ್ಲಿ ಅರ್ಧ ರಸ್ತೆ ಕಣಿವೆಗೆ ಜಾರಿಹೋಯಿತು. ಉಳಿದ ಅರ್ಧದಲ್ಲಿ ಒಂದು ಸಲಕ್ಕೆ ಒಂದೇ ಕಡೆಯ ಗಾಡಿಗಳು ಹೋಗಬಹುದು. ಇನ್ನೇನು ಸರಿಮಾಡುತ್ತೇವೆ ಎಂದು ಇಲಾಖೆಯವರು ಹೇಳಿ ಆರು ವರ್ಷವಾಯಿತು. ಮುಕ್ಕಾಲು ಕಿಲೋಮೀಟರಿನ ಆ ತುಂಡಿನಲ್ಲಿ ಐದು ತಿರುವುಗಳಿವೆ. ಈ ತುದಿಯಲ್ಲಿ ನಿಂತವರಿಗೆ ಆ ತುದಿ ಕಾಣದು, ಫೋನಿಗೆ ಸಿಗ್ನಲ್ ಸಿಗದು. ಅದಕ್ಕೇ ಎರಡೂ ತುದಿಯಲ್ಲಿ ಒಬ್ಬೊಬ್ಬರು ಬಾವುಟ ಹಿಡಿದು ನಿಲ್ಲುತ್ತಾರೆ. ಕೆಳಗಿನ ತುದಿಯವಳನ್ನು ಈ ದಾರಿಯ ಚಾಲಕರೆಲ್ಲ ಬಾವುಟದಕ್ಕ ಎನ್ನುತ್ತಾರೆ. ಮೇಲಿನ ತುದಿಯಲ್ಲಿ ನಿಲ್ಲುವವನು ಅವಳ ಮೈದುನ.

ಇಬ್ಬರ ನಡುವೆ ದಿನವಿಡೀ ಓಡಾಡುವುದು ಕೆಂಪು ಬಟ್ಟೆ ಸುತ್ತಿದ, ಮೊಳದುದ್ದದ ಒಂದು ಕೋಲು. ಗಾಡಿಗಳ ಸಾಲನ್ನು ಬಿಡುವಾಗ ಕೊನೆಯ ಗಾಡಿಯ ಚಾಲಕನ ಕೈಗೆ ಕೋಲು ಕೊಡಬೇಕು. ಅವನು ಅದನ್ನು ಆ ತುದಿಯಲ್ಲಿ ಒಪ್ಪಿಸಿದರೆ ದಾರಿ ಖಾಲಿಯಾಯಿತೆಂದು ಅರ್ಥ. ಆಮೇಲೆ ಆ ಕಡೆಯ ಸಾಲು ಹೊರಡಬೇಕು. ಕೋಲು ಕೈಗೆ ಬಾರದೆ ಒಂದು ಸೈಕಲ್ಲನ್ನೂ ಬಿಡುವಂತಿಲ್ಲ.

ಬಾವುಟದಕ್ಕ ಓದಿದ್ದು ಐದನೆಯ ತರಗತಿ. ಗಂಡ ರಸ್ತೆ ಗ್ಯಾಂಗಿನಲ್ಲಿದ್ದ. ಅವನು ಕಾಮಾಲೆಯಾಗಿ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಅದೇ ಗ್ಯಾಂಗಿಗೆ ಇವಳು ಸೇರಿದಳು. ಹನ್ನೆರಡು ವರ್ಷ ಜಲ್ಲಿ ಹೊತ್ತಳು, ಡಾಂಬರು ಸುರಿದಳು. ಎಡ ಮುಂಗೈ ಮೇಲೆ ಡಾಂಬರು ಸಿಡಿದ ಕಲೆ ಈಗಲೂ ಇದೆ. ಮಂಡಿ ಸೋತ ಮೇಲೆ ಮೇಸ್ತ್ರಿ ಕೈಗೆ ಬಾವುಟ ಕೊಟ್ಟ. ನಿಲ್ಲುವ ಜಾಗದಲ್ಲಿ ಒಂದು ತಗಡಿನ ಮಾಡು, ಕೂರಲು ಹಲಗೆ, ನೀರಿನ ಕ್ಯಾನು. ಸದ್ದು ಕೇಳಿಯೇ ಬರುತ್ತಿರುವುದು ಯಾರ ಲಾರಿ ಎಂದು ಹೇಳುತ್ತಾಳೆ. ಬಾಯಿಯೂ ಸಣ್ಣದಲ್ಲ.

"ಅಕ್ಕಾ, ಈಗ್ಲೇ ಬಿಡ್ತೀಯೋ, ನಂಗೆ ಮದುವೆ ಆದ್ಮೇಲೆ ಬಿಡ್ತೀಯೋ?" ಎಂದು ಒಬ್ಬ ಲಾರಿಯವನು ಕೇಳಿದರೆ, "ನಿನ್ನ ಮುಖಕ್ಕೆ ಹೆಣ್ಣು ಸಿಗೋವರ್ಗೂ ನಿಲ್ಸಿದ್ರೆ ಲಾರಿಗೆ ತುಕ್ಕು ಹಿಡಿಯುತ್ತಪ್ಪ, ಸುಮ್ನೆ ಕೂತ್ಕೋ" ಎನ್ನುತ್ತಾಳೆ.

ಮಗಳು ಮೇಲಿನ ಊರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬನನ್ನು ಮೆಚ್ಚಿಕೊಂಡಿದ್ದಳು. ಹುಡುಗನಿಗೆ ತಂದೆಯಿಲ್ಲ, ಅವನ ಮನೆಯಲ್ಲಿ ದೊಡ್ಡಪ್ಪ ಹಾಕಿದ ಗೆರೆ ಯಾರೂ ದಾಟುವುದಿಲ್ಲ. ಆ ದೊಡ್ಡಪ್ಪ, ಹುಡುಗನ ತಾಯಿಯನ್ನು ಕರೆದುಕೊಂಡು ಮಾತುಕತೆಗೆ ಬರುವ ದಿನ ಗೊತ್ತಾಯಿತು. ಮಧ್ಯಾಹ್ನ ಮೂರು ಗಂಟೆ ಎಂದು ಹೇಳಿಕಳಿಸಿದ್ದರು. ಬಾವುಟದಕ್ಕ ಹನ್ನೆರಡರಿಂದ ರಜೆ ಕೇಳಿ, ಬದಲಿಯವನನ್ನು ಒಪ್ಪಿಸಿದ್ದಳು.

"ನಾನೇನು ಕೆಲಸ ಮಾಡ್ತೀನಿ ಅಂತ ಹೇಳಿದ್ದೀಯ?" ಎಂದು ಅಂದು ಬೆಳಿಗ್ಗೆ ಮಗಳನ್ನು ಕೇಳಿದಳು.

"ರಸ್ತೆ ಇಲಾಖೆ ಅಂತ. ಸುಳ್ಳೇನಲ್ವಲ್ಲಮ್ಮ."

"ಸುಳ್ಳಲ್ಲ, ಅಷ್ಟೇ ಇರ್ಲಿ. ಈ ಕಿತ್ತಳೆ ಕೋಟು, ಮೈ ತುಂಬ ಧೂಳು, ಇದನ್ನ ಅವರು ಮೊದಲ್ನೇ ದಿನಾನೇ ನೋಡೋದು ಬೇಡ. ನನ್ನಿಂದ ನಿನ್ನ ಸಂಬಂಧ ಮುರಿಯೋದು ಬೇಡ."

ಹನ್ನೊಂದರ ಹೊತ್ತಿಗೆ ಮೇಲಿನಿಂದ ಒಂದು ಸಾಲು ಇಳಿಯಿತು. ಕೊನೆಗೆ ಬಂದದ್ದು ಮಂಚ, ಬೀರು ಹೇರಿದ ಒಂದು ಟೆಂಪೋ. ಚಾಲಕ ಈ ದಾರಿಗೆ ಹೊಸಬ. ನಿಲ್ಲಿಸದೆ ಹೋದ. ಇವನ ಹಿಂದೆ ಇನ್ನೂ ಗಾಡಿ ಇರಬೇಕೆಂದು ಬಾವುಟದಕ್ಕ ಕಾದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಗಾಡಿಯೂ ಇಲ್ಲ, ಕೋಲೂ ಇಲ್ಲ. ಟೆಂಪೋದವನೇ ಕೋಲನ್ನು ಹೊತ್ತುಕೊಂಡು ಹೋದನೋ, ಕೋಲಿರುವ ಗಾಡಿ ಯಾವುದಾದರೂ ತಿರುವಿನಲ್ಲಿ ಕೆಟ್ಟು ನಿಂತಿದೆಯೋ, ತಿಳಿಯುವ ಬಗೆಯಿಲ್ಲ.

ಅವಳ ಬಾವುಟದ ಮುಂದೆ ಆಗ ನಿಂತಿದ್ದದ್ದು ಒಂದು ಬಾಡಿಗೆ ಕಾರು, ಅದರ ಹಿಂದೆ ಮೂರು ಲಾರಿ. ಕಾರಿನಿಂದ ಬಿಳಿ ಅಂಗಿಯ ಹಿರಿಯರೊಬ್ಬರು ಇಳಿದು ಬಂದರು.

"ಏನಮ್ಮ, ಎದುರಿಗೆ ಒಂದು ನಾಯಿನೂ ಬರ್ತಿಲ್ಲ. ಯಾರನ್ನ ಕಾಯ್ತಿದ್ದೀಯ?"

"ಕೋಲು ಬರ್ಬೇಕು ಸಾರ್."

"ಕೋಲಿಗೆ ಕಾಲಿದೆಯಾ ನಡ್ಕೊಂಡು ಬರೋಕೆ? ಒಂದು ಬಾವುಟ ಕೊಟ್ರೆ ಸಾಕು, ಜನಕ್ಕೆ ತಾನೇ ಸರ್ಕಾರ ಅನ್ಸಿಬಿಡುತ್ತೆ."

ತಕ್ಕ ಉತ್ತರ ಕೊಡಲು ಬಾವುಟದಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಕಾರಿನ ಕಿಟಕಿಯಿಂದ ಹೆಂಗಸೊಬ್ಬರು, "ಬಿಡಿ ಭಾವ, ಪಾಪ ಅವರ ಕೆಲಸ ಅದು. ಮೂರಕ್ಕೆ ಬರ್ತೀವಿ ಅಂದವರು ನಾವು, ಬೇಗ ಬಂದದ್ದು ನಮ್ದೇ ತಪ್ಪು" ಎಂದರು. ಆಮೇಲೆ ಬಾವುಟದಕ್ಕನ ಕಡೆ ತಿರುಗಿ, "ನೀವೂ ರಸ್ತೆ ಇಲಾಖೆಯವ್ರೇ ಅಲ್ವಾ? ಮೇಲಿನ ಊರಲ್ಲಿ ನಿಮ್ಮ ಇಲಾಖೆಯ ಒಬ್ಬರಿದ್ದಾರಂತೆ. ಮಗಳು ಔಷಧಿ ಅಂಗಡೀಲಿ ಇದ್ದಾಳೆ. ಮನೆ ಎಲ್ಲಿ ಅಂತ ಗೊತ್ತಾ?" ಎಂದು ಕೇಳಿದರು.

ಬಂದವರು ಯಾರೆಂದು ಬಾವುಟದಕ್ಕನಿಗೆ ಆಗ ತಿಳಿಯಿತು. "ನೀರಿನ ಟ್ಯಾಂಕಿನ ಹಿಂದೆ, ನೀಲಿ ಬಾಗಿಲು" ಎಂದಳು. ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.

ದೊಡ್ಡಪ್ಪ ಗಡಿಯಾರ ನೋಡುತ್ತಿದ್ದರು. ಕಾರನ್ನು ಬಿಟ್ಟುಬಿಟ್ಟರೆ ಅವರ ಸಿಟ್ಟು ಇಳಿಯುತ್ತದೆ. ತನ್ನ ಮುಖವನ್ನೂ ಮರೆತಾರು. ಆದರೆ ಆ ಕಡೆ ಏನಿದೆಯೋ ಗೊತ್ತಿಲ್ಲ. ಮೂರನೆಯ ತಿರುವಿನಲ್ಲಿ ಎರಡು ಗಾಡಿ ಎದುರಾದರೆ ಹಿಂದೆ ಸರಿಯಲು ಜಾಗವಿಲ್ಲ, ಕೆಳಗೆ ಕಣಿವೆ. ಹಿಂದಿನ ಲಾರಿಗಳ ಎದುರು ನಾಲ್ಕು ಕಲ್ಲು ಅಡ್ಡ ಇಟ್ಟು, "ನಾನು ಬರೋವರ್ಗೂ ಯಾರೂ ಅಲ್ಲಾಡ್ಬಾರ್ದು" ಎಂದು ಚಾಲಕರಿಗೆ ಹೇಳಿದಳು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದಳು.

"ಕೋಲಿಲ್ಲ ಅಂದ್ರೆ ನಾನೇ ಮುಂದೆ ನಡೀತೀನಿ ಸಾರ್. ನೀವು ನನ್ನ ಹಿಂದೆ ನಿಧಾನಕ್ಕೆ ಬನ್ನಿ. ನಾನು ಕೈ ಎತ್ತಿದ್ರೆ ನಿಲ್ಬೇಕು."

"ಒಳ್ಳೇ ಮೆರವಣಿಗೆ" ಎಂದು ಗೊಣಗಿ ಅವರು ಕಾರು ಹತ್ತಿದರು.

ಅವಳು ನಡೆದಳು. ಪ್ರತಿ ತಿರುವಿನಲ್ಲೂ ಕೈಯೆತ್ತಿ ಕಾರು ನಿಲ್ಲಿಸಿ, ಸೀಟಿ ಊದಿ, ಇಣುಕಿ ನೋಡಿ ಮತ್ತೆ ಮುಂದುವರಿದಳು. ಏರಿನಲ್ಲಿ ಮಂಡಿ ಕಟಕಟ ಎನ್ನುತ್ತಿತ್ತು. ಹಿಂದೆ ಕಾರಿನ ಹಾರ್ನ್ ಮೊದಲು ಎರಡು ಸಲ ಕೇಳಿಸಿತು. ಮೂರನೆಯ ತಿರುವಿನಲ್ಲಿ ದೊಡ್ಡಪ್ಪ ಕಿಟಕಿಯಿಂದ ಕಣಿವೆಯನ್ನು ನೋಡಿದರು. ಆಮೇಲೆ ಹಾರ್ನ್ ಕೇಳಲಿಲ್ಲ. ದಾರಿಯಲ್ಲಿ ಒಂದು ಗಾಡಿಯೂ ಇರಲಿಲ್ಲ.

ಮೇಲಿನ ತುದಿಯಲ್ಲಿ ಮೈದುನ ಹೌಹಾರಿ ಎದ್ದ. "ಏನತ್ತಿಗೆ, ಕೋಲೆಲ್ಲಿ?"

"ನೀನು ಕೊಟ್ಟಿದ್ದು ಆ ಟೆಂಪೋದವನ ಕೈಗೇ ತಾನೆ? ಕೋಲೂ ಮಂಚದ ಜೊತೆ ಸಂಸಾರ ಹೂಡೋಕೆ ಹೋಯ್ತು."

"ಅಯ್ಯೋ ಹಾಳಾದವನೇ. ಅದಿರ್ಲಿ, ನೀನಿನ್ನೂ ಈ ಅವತಾರದಲ್ಲೇ ಇದ್ದೀಯಲ್ಲ. ಹುಡುಗನ ಕಡೆಯವರು ಬರೋ ಹೊತ್ತಿಗೆ ಮೈ ತೊಳ್ಕೊಳ್ಳೋದು ಯಾವಾಗ?"

ಕಾರಿನ ಕಿಟಕಿಗಳು ತೆರೆದೇ ಇದ್ದವು. ಬಾವುಟದಕ್ಕ ನೆಲ ನೋಡಿದಳು. "ಬಂದಾಯ್ತಪ್ಪ. ಇವರೇ."

ಹುಡುಗನ ತಾಯಿ ಸೀಟಿನಲ್ಲಿ ಸರಿದು ಕೂತು, "ಹತ್ತಿ, ಜೊತೆಗೇ ಹೋಗೋಣ" ಎಂದರು.

"ಕೆಳಗೆ ಯಾರೂ ಇಲ್ಲಮ್ಮ. ಬದಲಿಯವನು ಬರೋವರ್ಗೂ ನಾನೇ ಇರ್ಬೇಕು. ಮನೇಲಿ ಮಗಳಿದ್ದಾಳೆ, ನೀವು ಹೋಗಿರಿ."

ದೊಡ್ಡಪ್ಪ ಅವಳ ಕೋಟನ್ನೂ ಧೂಳು ಮೆತ್ತಿದ ಪಾದಗಳನ್ನೂ ನೋಡಿದರು. "ಸರಿ" ಎಂದರು. ಕಾರು ಹೋಯಿತು.

ಮೈದುನ ಬೇಲಿಯಿಂದ ಬೇರೊಂದು ಕೋಲು ಕಡಿದು ಕೊಟ್ಟ. ಮೇಲಿನಿಂದ ಇಳಿಯುವ ಸಾಲಿನ ಕೊನೆಯ ಲಾರಿ ಹತ್ತಿ ಬಾವುಟದಕ್ಕ ಕೆಳಗಿಳಿದಳು. ಆ ಒಂದು "ಸರಿ"ಯನ್ನು ಎಷ್ಟು ಸಲ ತಿರುವಿ ಹಾಕಿದರೂ ಅದು ಒಪ್ಪಿಗೆಯೋ, ಮುಗಿಯಿತು ಎಂಬ ಮಾತೋ ಗೊತ್ತಾಗಲಿಲ್ಲ. ಬದಲಿಯವನು ಬಂದದ್ದು ಒಂದೂವರೆಗೆ. ಬಸ್ಸು ಸಿಕ್ಕಿ ಮನೆ ಮುಟ್ಟಿದಾಗ ಮೂರಾಗುತ್ತಿತ್ತು. ಕೋಟು ಬಿಚ್ಚಲೂ ಆಗದೆ, ಬಾಗಿಲಲ್ಲೇ ನಿಂತಳು.

ದೊಡ್ಡಪ್ಪ ಚಹಾ ಲೋಟ ಕೆಳಗಿಟ್ಟರು. "ಮಾತು ಶುರು ಮಾಡಿಲ್ಲ. ನಿಮಗೇ ಕಾಯ್ತಿದ್ವಿ" ಎಂದರು. ಬೆಳಿಗ್ಗೆಯ ಏಕವಚನ ಹೋಗಿ ಬಹುವಚನ ಬಂದದ್ದನ್ನು ಬಾವುಟದಕ್ಕ ಗಮನಿಸಿದಳು.

"ಬೆಳಿಗ್ಗೆ ನಾನಾಡಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡಿ."

"ದಿನಾ ನೂರು ಜನ ಆಡ್ತಾರೆ ಸಾರ್. ಎಲ್ಲಾ ಇಟ್ಕೊಂಡ್ರೆ ಜಾಗ ಸಾಲಲ್ಲ."

ಹುಡುಗನ ತಾಯಿ ನಕ್ಕುಬಿಟ್ಟರು. ದೊಡ್ಡಪ್ಪ ನಗಲಿಲ್ಲ, ಗಂಟಲು ಸರಿಮಾಡಿಕೊಂಡರು. "ಮದುವೆ ಬೆಟ್ಟದ ಈ ಕಡೆ ಮಾಡೋದೋ, ಆ ಕಡೆನೋ? ನಮ್ಮವರು ಎರಡು ಬಸ್ ಜನ ಇದ್ದಾರೆ. ಆ ಅರ್ಧ ರಸ್ತೇಲಿ ಅವರನ್ನೆಲ್ಲ ದಾಟಿಸೋಕೆ ಎಷ್ಟು ಹೊತ್ತು ಹಿಡಿಯುತ್ತೆ, ಅದನ್ನ ಹೇಳಿ ಮೊದಲು."

ಬಾವುಟದಕ್ಕ ಬಾಗಿಲು ದಾಟಿ ಒಳಗೆ ಬಂದು ಕೂತಳು. ಮೊದಲು ಅದನ್ನೇ ಲೆಕ್ಕ ಹಾಕಿ ಹೇಳಿದಳು.